ಅಂದುಕೊಂಡದ್ದು ಅರ್ಧಕ್ಕೇ ನಿಲ್ಲುತ್ತಿದೆಯೇ? ನಮ್ಮ ಊರಿನ ವರ್ಷಕ್ಕೆ ಹೊಂದುವ ಗುರಿ ಹಾಕಿಕೊಳ್ಳುವ ಕ್ರಮ

"ಶುರು ಚೆನ್ನಾಗಿಯೇ ಆಗುತ್ತದೆ. ಮೂರು ವಾರ ಕಳೆಯುವಾಗ ನಿಂತುಹೋಗುತ್ತದೆ. ಏನು ಮಾಡಲಿ?"

ಓದುಗರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯಿಂದ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವವರು ಕೇಳುತ್ತಾರೆ. ಸಕ್ಕರೆ ಕಾಯಿಲೆ ಬಂದಿದೆ, ದಿನಾ ನಡೆಯಲು ಡಾಕ್ಟರು ಹೇಳಿದ್ದಾರೆ ಎನ್ನುವವರು ಕೇಳುತ್ತಾರೆ. ಮಗಳ ಕಾಲೇಜಿಗೆ ದುಡ್ಡು ಕೂಡಿಡಬೇಕು ಎನ್ನುವ ಅಮ್ಮಂದಿರೂ ಕೇಳುತ್ತಾರೆ. ಎಲ್ಲರೂ ಕೊನೆಗೆ ಒಂದೇ ಮಾತು ಸೇರಿಸುತ್ತಾರೆ: "ನನ್ನ ಮನಸ್ಸೇ ಗಟ್ಟಿ ಇಲ್ಲ."

ಅದನ್ನು ನಾನು ಒಪ್ಪುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಸೊಸೈಟಿಗೆ ಕೊಟ್ಟು ಬರುವವರ ಮನಸ್ಸು ಗಟ್ಟಿ ಇಲ್ಲ ಎಂದರೆ ಯಾರು ನಂಬುತ್ತಾರೆ? ತೊಂದರೆ ಇರುವುದು ಗುರಿಯನ್ನು ಹಾಕಿಕೊಂಡ ರೀತಿಯಲ್ಲಿ. ಹಾಲಿಗೆ ಒಂದು ಹೊತ್ತು ಇದೆ, ಒಂದು ಜಾಗ ಇದೆ. ನಮ್ಮ ಗುರಿಗೆ ಅವೆರಡೂ ಇಲ್ಲ. ಅಷ್ಟೇ ಅಲ್ಲ, ನಮ್ಮ ಕಡೆಯ ಮಳೆ, ಅಡಿಕೆ, ಕೋಲ, ಜಾತ್ರೆ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಗುರಿ ಹಾಕುತ್ತೇವೆ. ಹಾಗಾಗಿ ಈ ಲೇಖನದಲ್ಲಿ ಹೊತ್ತು, ಜಾಗ, ಕಾಲ ಇವುಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಅರ್ಥವಾಗಲು ಸುಲಭವಾಗಲಿ ಎಂದು ಒಂದೇ ಉದಾಹರಣೆಯನ್ನು ಉದ್ದಕ್ಕೂ ಇಟ್ಟುಕೊಂಡಿದ್ದೇನೆ: ಮಲಯಾಳ ಓದಲು, ಬರೆಯಲು ಕಲಿಯುವುದು. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮಲ್ಲಿ ತುಂಬ ಮಂದಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಪಂಚಾಯತಿನಿಂದ ಬಂದ ಪತ್ರವನ್ನು ಇನ್ನೊಬ್ಬರ ಕೈಯಲ್ಲಿ ಓದಿಸಬೇಕಾಗುತ್ತದೆ. ಕನ್ನಡವನ್ನು ಬಿಟ್ಟುಕೊಡುವ ಮಾತು ಇದಲ್ಲ. ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆ ಕಲಿತರು, ಕನ್ನಡದ ಕವಿಯಾಗಿಯೇ ಬಾಳಿದರು. ತಾಳವಾಡಿ, ಹೊಸೂರಿನವರು ಮಲಯಾಳ ಎಂದಿರುವಲ್ಲಿ ತಮಿಳು ಎಂದು ಓದಿಕೊಳ್ಳಿ. ಸೊಲ್ಲಾಪುರ, ಜತ್ತದವರಿಗೆ ಮರಾಠಿ, ಮಡಕಶಿರಾ, ಆದೋನಿಯವರಿಗೆ ತೆಲುಗು.

ಬೇಕಾಗುವ ಸಾಮಾನು

ನೂರು ಪುಟದ ಒಂದು ನೋಟ್‌ಬುಕ್. ಗೋಡೆಗೆ ತೂಗುಹಾಕುವ, ದೊಡ್ಡ ಚೌಕಗಳಿರುವ ಕ್ಯಾಲೆಂಡರ್. ಒಂದು ಪೆನ್ನು. ವಾರಕ್ಕೆ ಹತ್ತು ನಿಮಿಷ ನಿಮ್ಮ ಮಾತು ಕೇಳುವ ಒಬ್ಬರು. ಇಷ್ಟು ಸಾಕು.

ಮೊಬೈಲ್ ಆ್ಯಪ್ ಬೇಡವೇ ಎಂದು ಕೇಳುತ್ತಾರೆ. ಇಟ್ಟುಕೊಳ್ಳಬಹುದು, ತಪ್ಪಿಲ್ಲ. ಆದರೆ ಲೆಕ್ಕ ಹಾಕಲು ಮೊಬೈಲ್ ಕೈಗೆತ್ತಿಕೊಂಡರೆ ವಾಟ್ಸಾಪ್ ನೋಡದೆ ಕೆಳಗಿಡುವುದು ಕಷ್ಟ. ಗೋಡೆಯ ಕ್ಯಾಲೆಂಡರ್ ಸುಮ್ನೆ ಅಲ್ಲಿಯೇ ಇರುತ್ತದೆ, ಹೋಗುವಾಗ ಬರುವಾಗ ಕಣ್ಣಿಗೆ ಬೀಳುತ್ತದೆ.

1. ಎಲ್ಲವನ್ನೂ ಬರೆಯಿರಿ, ಒಂದನ್ನು ಉಳಿಸಿ

ಮನಸ್ಸಿನಲ್ಲಿರುವ ಆಸೆಗಳನ್ನೆಲ್ಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಹತ್ತಾಗಲಿ, ಇಪ್ಪತ್ತಾಗಲಿ. ಮಾರನೆಯ ದಿನ ತೆಗೆದು ಒಂದೊಂದಕ್ಕೂ ಎರಡು ಪ್ರಶ್ನೆ ಹಾಕಿ. ಇದು ನನ್ನ ಆಸೆಯೋ, ಬೇರೆಯವರು ಹೇಳಿದ್ದೋ? ಇದರಲ್ಲಿ ನನ್ನ ಕೈಯಲ್ಲಿ ಆಗುವ ಕೆಲಸ ಎಷ್ಟು?

ಮಾವ ಹೇಳಿದರು ಎಂದು ಹಾಕಿಕೊಂಡ ಗುರಿಗೆ ಮಾವ ಮನೆಗೆ ಬಂದ ದಿನ ಮಾತ್ರ ಜೀವ ಬರುತ್ತದೆ. ಅಂಥದ್ದನ್ನು ಅಡ್ಡಗೆರೆ ಎಳೆದು ಬಿಡಿ. ಉಳಿದವುಗಳಲ್ಲಿ ಒಂದನ್ನು ಆರಿಸಿ. ಒಂದೇ. ನಾನೂ ಒಂದು ವರ್ಷ ಏಳು ಗುರಿ ಬರೆದು ಒಂದನ್ನೂ ಮುಗಿಸಲಿಲ್ಲ. ಎಲ್ಲದಕ್ಕೂ ಬೇಕಾದದ್ದು ರಾತ್ರಿಯ ಅದೇ ಒಂದು ಗಂಟೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

2. ಮುಗಿಯಿತೋ ಇಲ್ಲವೋ ಎಂದು ಗೊತ್ತಾಗುವ ಹಾಗೆ ಬರೆಯಿರಿ

"ಮಲಯಾಳ ಕಲಿಯಬೇಕು" ಎಂದು ಬರೆದರೆ ಅದು ಯಾವತ್ತೂ ಮುಗಿಯುವುದಿಲ್ಲ. ಹೀಗೆ ಬರೆಯಿರಿ: "ಮುಂದಿನ ಬಿಸುವಿನ ಒಳಗೆ, ಪಂಚಾಯತಿನಿಂದ ಬಂದ ಒಂದು ಪತ್ರವನ್ನು ಯಾರನ್ನೂ ಕೇಳದೆ ಓದುತ್ತೇನೆ. ಅರ್ಧ ಪುಟದ ಒಂದು ಅರ್ಜಿಯನ್ನು ಸ್ವಂತ ಕೈಯಲ್ಲಿ ಬರೆಯುತ್ತೇನೆ." ಬಿಸು ಎಂದರೆ ಏಪ್ರಿಲ್ ನಡುವೆ ಬರುವ ನಮ್ಮ ಹೊಸ ವರ್ಷ.

ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಗುರಿಗಳ ಮೇಲೆಯೇ ಕೆಲಸ ಮಾಡಿದವರು. "ಕೈಲಾದಷ್ಟು ಮಾಡು" ಎಂದು ಹೇಳಿಸಿಕೊಂಡವರಿಗಿಂತ, ಇಂಥದ್ದು, ಇಷ್ಟು ಎಂದು ಖಚಿತವಾದ, ಸ್ವಲ್ಪ ಕಷ್ಟದ ಗುರಿ ಇದ್ದವರು ಹೆಚ್ಚು ಸಾಧಿಸುತ್ತಾರೆ ಎಂಬುದು ಅವರಿಗೆ ಮತ್ತೆ ಮತ್ತೆ ಕಂಡದ್ದು. ನೀವು "ಸ್ಮಾರ್ಟ್ ಗುರಿ" ಎಂಬ ಮಾತು ಕೇಳಿರಬಹುದು. ಖಚಿತ ಇರಬೇಕು, ಅಳೆಯಲು ಬರಬೇಕು, ಗಡು ಇರಬೇಕು ಮುಂತಾದ ಐದು ಗುಣಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಅದು. 1981ರಲ್ಲಿ ಜಾರ್ಜ್ ಡೋರನ್ ಎಂಬವರು ಕಂಪೆನಿಗಳ ಮ್ಯಾನೇಜರುಗಳಿಗಾಗಿ ಬರೆದದ್ದು. ಮನೆಯ ಗುರಿಗೆ ಐದನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಏನು, ಎಷ್ಟು, ಯಾವಾಗಿನ ಒಳಗೆ ಎಂಬ ಮೂರಕ್ಕೆ ಉತ್ತರ ಇದ್ದರೆ ಆಯಿತು.

ಒಂದು ಎಚ್ಚರಿಕೆ. ಕೆಲಸ ನಿಮಗೆ ಪೂರ್ತಿ ಹೊಸದಾಗಿದ್ದರೆ ಮೊದಲೇ ದೊಡ್ಡ ಅಂಕೆ ಹಾಕಿಕೊಳ್ಳಬೇಡಿ. ಲಾಕ್, ಲೇಥಮ್ ಅವರೂ ಇದನ್ನು ಹೇಳಿದ್ದಾರೆ. ಹೊಸ, ಕಷ್ಟದ ಕೆಲಸಕ್ಕೆ ಮೊದಲು ಕಲಿಯುವ ಗುರಿ ಇರಬೇಕು. ಪಿಎಸ್‌ಸಿಗೆ ಮೊದಲ ಸಲ ಓದುವವರು ರ‍್ಯಾಂಕಿನ ಅಂಕೆ ಬರೆದಿಡುವ ಬದಲು, "ಈ ತಿಂಗಳು ಹಳೆಯ ಐದು ಪ್ರಶ್ನೆಪತ್ರಿಕೆ ಬಿಡಿಸಿ, ನನಗೆ ಯಾವ ವಿಷಯ ಬರುವುದಿಲ್ಲ ಎಂದು ಪಟ್ಟಿ ಮಾಡುತ್ತೇನೆ" ಎಂದು ಬರೆಯುವುದು ಒಳ್ಳೆಯದು.

3. ನೀರನ್ನು ಬಿಡಿ, ಕೋಲನ್ನು ಲೆಕ್ಕ ಹಾಕಿ

ಬಾಯಾರು ಕಡೆಯಲ್ಲಿ ನೀರಿಗಾಗಿ ಕೊರೆದ ಸುರಂಗಗಳನ್ನು ನೋಡಿದ್ದೀರಲ್ವಾ? ಗುಡ್ಡದ ಮುರಕಲ್ಲಿನ ಒಳಗೆ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ, ಅಡ್ಡಕ್ಕೆ ಕೊರೆಯುತ್ತ ಹೋಗುವುದು. ನೀರು ಯಾವತ್ತು ಒಸರುತ್ತದೆ ಎಂದು ಕೊರೆಯುವವರಿಗೆ ಮೊದಲೇ ಗೊತ್ತಿರುವುದಿಲ್ಲ. ಆದರೆ ಇವತ್ತು ಎಷ್ಟು ಕೊರೆದೆ, ಒಟ್ಟು ಎಷ್ಟು ಕೋಲು (ಉದ್ದದ ಹಳೆಯ ಅಳತೆ) ಆಯಿತು ಎಂದು ಸರಿಯಾಗಿ ಗೊತ್ತಿರುತ್ತದೆ.

ಗುರಿಯಲ್ಲೂ ಈ ಎರಡನ್ನು ಬೇರೆ ಬೇರೆ ಮಾಡಿ. ಪಿಎಸ್‌ಸಿ ಪಟ್ಟಿಯಲ್ಲಿ ಹೆಸರು ಬರುವುದು, ಐದು ಕಿಲೋ ಇಳಿಯುವುದು, ಇವು ಫಲ. ದಿನಕ್ಕೆ 30 ಪ್ರಶ್ನೆ ಬಿಡಿಸುವುದು, ವಾರಕ್ಕೆ ಐದು ದಿನ ನಡೆಯುವುದು, ಇವು ಕೆಲಸ. ಫಲವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕುವುದು ಕೆಲಸಕ್ಕೆ ಮಾತ್ರ. ಎರಡನ್ನೂ ಬೆರೆಸಿದವರು ಬೇಗ ಸೋಲುತ್ತಾರೆ. ತೂಕ ಒಂದು ವಾರ ಇಳಿಯದಿದ್ದರೆ ನಡೆಯುವುದನ್ನೇ ಬಿಟ್ಟುಬಿಡುತ್ತಾರೆ. ಐದು ದಿನ ನಡೆದ ಕಾಲಿಗೆ ಅದು ಮಾಡುವ ಅನ್ಯಾಯ.

ಕೆಲಸವನ್ನು ತುಂಡು ಮಾಡುವಾಗ ದಿನ ಎಷ್ಟು ಹಿಡಿಯುತ್ತದೆ ಎಂದು ಅಂದಾಜು ಹಾಕುತ್ತೀರಿ. ಆ ಅಂದಾಜನ್ನು ಪೂರ್ತಿ ನಂಬಬೇಡಿ. ಕೆನಡಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪದವಿ ವಿದ್ಯಾರ್ಥಿಗಳನ್ನು ಅವರ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಎಂದು ಕೇಳಿದ್ದರು. ಸರಾಸರಿ ಸುಮಾರು 34 ದಿನ ಎಂದರು. ಹಿಡಿದದ್ದು 55 ದಿನಕ್ಕೂ ಜಾಸ್ತಿ. ಎಲ್ಲವೂ ಸರಿಯಾಗಿ ನಡೆದರೆ ಎಷ್ಟು ಎಂದು ಮಾತ್ರ ನಾವು ಯೋಚಿಸುವುದರಿಂದ ಹೀಗಾಗುತ್ತದೆ. ಹಾಗಾಗಿ ನಿಮ್ಮ ಅಂದಾಜನ್ನು ಒಂದೂವರೆ ಪಟ್ಟು ಮಾಡಿ.

ಮಲಯಾಳದ ಲೆಕ್ಕ ನೋಡಿ. ಸ್ವರ, ವ್ಯಂಜನ, ಚಿಲ್ಲು ಎಲ್ಲ ಸೇರಿ ಐವತ್ತೈದರ ಆಸುಪಾಸು ಅಕ್ಷರ. ಚಿಲ್ಲು ಎಂದರೆ ಪದದ ಕೊನೆಗೆ ಸ್ವರವಿಲ್ಲದೆ ಬರುವ ನ್, ಣ್, ರ್, ಲ್, ಳ್ ಇವಕ್ಕೆ ಇರುವ ಬೇರೆ ಅಕ್ಷರಗಳು. ವರ್ಣಮಾಲೆಯ ಕ್ರಮ ಹೆಚ್ಚುಕಡಿಮೆ ನಮ್ಮದೇ. ಹಳಗನ್ನಡದಲ್ಲಿದ್ದು ನಾವು ಕಳೆದುಕೊಂಡ ಱ, ೞ ಎರಡೂ ಅಲ್ಲಿ ಇನ್ನೂ ಬಳಕೆಯಲ್ಲಿವೆ. ದಿನಕ್ಕೆ ಮೂರು ಅಕ್ಷರ ಎಂದರೆ 18–19 ದಿನ. ಒಂದೂವರೆ ಪಟ್ಟು ಮಾಡಿ ಒಂದು ತಿಂಗಳು ಇಡಿ. ಆಮೇಲೆ ಒತ್ತಕ್ಷರಗಳಿಗೆ ಎರಡು ತಿಂಗಳು. ಅಲ್ಲಿ ಎರಡು ಅಕ್ಷರ ಒಂದಕ್ಕೊಂದು ಕೂಡಿ ಬೇರೆಯೇ ರೂಪ ಆಗುವುದು ಜಾಸ್ತಿ, ಹೆಚ್ಚಿನವರು ಬಿಡುವುದು ಇಲ್ಲಿಯೇ. ನಂತರ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಪಕ್ಕದ ಮನೆಯ ಮಗುವಿನ ಒಂದನೇ ತರಗತಿಯ ಹಳೆಯ ಪುಸ್ತಕ. ಪತ್ರಿಕೆ ಓದುವುದು ಕೊನೆಗೆ.

4. ನಮ್ಮ ಕಡೆಯ ವರ್ಷಕ್ಕೆ ಹೊಂದಿಸಿ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಗುರಿಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಆಫೀಸಿಗೆ ಹೋಗಿ ಬರುವ ಪೇಟೆಯವರಿಗಾಗಿ ಬರೆದಿದ್ದಾರೆ. ಅವರಿಗೆ ಹನ್ನೆರಡು ತಿಂಗಳೂ ಒಂದೇ ತರ. ನಮಗೆ ಹಾಗಲ್ಲ.

ಜನವರಿ ಒಂದನ್ನೇ ತೆಗೆದುಕೊಳ್ಳಿ. ಆಗ ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ. ಅಂಗಳ ತುಂಬ ಅಡಿಕೆ ಒಣಗುತ್ತಿರುತ್ತದೆ. ತೋಟಕ್ಕೆ ನೀರು ಹಾಕುವ ಕೆಲಸ ಬೇರೆ. ರಾತ್ರಿಯಾದರೆ ಕೋಲ, ಯಕ್ಷಗಾನ, ಜಾತ್ರೆ. ಮದುವೆಯ ಕಾಗದಗಳೂ ಆಗಲೇ ಬರುತ್ತವೆ. ದಿನಾ ರಾತ್ರಿ ಕೂತು ಓದುವ ಗುರಿಯನ್ನು ಶುರು ಮಾಡಲು ನಮ್ಮ ವರ್ಷದಲ್ಲಿ ಇದಕ್ಕಿಂತ ಕಷ್ಟದ ಕಾಲ ಇಲ್ಲ. ಆದರೂ ಎಲ್ಲರೂ ಆವತ್ತೇ ಶುರು ಮಾಡುತ್ತೇವೆ.

ಹೊಸ ದಿನದಿಂದ ಶುರು ಮಾಡಿದರೆ ಹುರುಪು ಬರುತ್ತದೆ ಎಂಬುದು ನಿಜ. 2014ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ತೋರಿಸಿದ್ದಾರೆ. ವಾರದ ಆರಂಭ, ತಿಂಗಳ ಆರಂಭ, ಹುಟ್ಟುಹಬ್ಬದ ನಂತರ ಜನ ಜಿಮ್ಮಿಗೆ ಹೋಗುವುದು ಜಾಸ್ತಿಯಾಗುತ್ತದೆ. ಅಂದರೆ ಹುರುಪಿಗೆ ಜನವರಿಯೇ ಬೇಕೆಂದಿಲ್ಲ, ಒಂದು ಗುರುತಿನ ದಿನ ಇದ್ದರೆ ಸಾಕು. ಅಂಥ ದಿನ ನಮ್ಮಲ್ಲಿ ಬೇಕಾದಷ್ಟಿವೆ.

ಓದು, ಬರವಣಿಗೆ, ಭಾಷೆ, ಹೊಲಿಗೆ, ಕಂಪ್ಯೂಟರ್ ಮುಂತಾಗಿ ಮನೆಯೊಳಗೆ ಕೂತು ಮಾಡುವ ಗುರಿಗೆ ಪತ್ತನಾಜೆಯೇ ಒಳ್ಳೆಯ ದಿನ ಎಂದು ನನ್ನ ಅಭಿಪ್ರಾಯ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24–25ರ ಹೊತ್ತು. ಕೋಲ, ನೇಮ ನಿಲ್ಲುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ಆಟ ಮುಗಿಸುತ್ತವೆ. ವಾರ ಕಳೆಯುವಾಗ ಶಾಲೆಯೂ ಶುರುವಾಗುತ್ತದೆ, ಮನೆಯ ಸಮಯ ಒಂದು ಕ್ರಮಕ್ಕೆ ಬರುತ್ತದೆ. ಮಳೆ ಹಿಡಿದರೆ ಸಂಜೆ ಎಲ್ಲರೂ ಮನೆಯಲ್ಲೇ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮದುವೆ, ಗೃಹಪ್ರವೇಶ ಇರುವುದಿಲ್ಲ. ದೀಪಾವಳಿವರೆಗೆ ಐದು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಅಭ್ಯಾಸ ಗಟ್ಟಿಯಾದರೆ ಕೊಯ್ಲಿನ ಕಾಲದಲ್ಲಿ ಅರ್ಧಕ್ಕೆ ಇಳಿಸಿಕೊಂಡರೂ ನಡೆಯುತ್ತದೆ.

ತೋಟ ಇರುವವರು ಅಡಿಕೆಗೆ ಮದ್ದು ಬಿಡುವ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ರಜೆ ಎಂದು ಬರೆದಿಡಿ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಬಿಡುತ್ತೇವಲ್ವಾ? ಮಳೆ ಸ್ವಲ್ಪ ಹೊಳವಾದ ದಿನ ಬೇರೆ ಯಾವ ಗುರಿಯೂ ನೆನಪಿರುವುದಿಲ್ಲ, ಇರಲೂಬಾರದು. ಮೊದಲೇ ರಜೆ ಹಾಕಿಟ್ಟರೆ ಅದು ತಪ್ಪಿದ ದಿನ ಆಗುವುದಿಲ್ಲ. ಅಷ್ಟಮಿ, ಚೌತಿ, ಓಣಂ ದಿನಗಳಿಗೂ ಹೀಗೆಯೇ.

ನಡಿಗೆಯ ಗುರಿಗೆ ಮಾತ್ರ ಪತ್ತನಾಜೆ ಆಗುವುದಿಲ್ಲ. ಅದಕ್ಕೆ ಮಳೆ ಬಿಟ್ಟ ಮೇಲೆ ಅಕ್ಟೋಬರ್ ಒಳ್ಳೆಯದು. ಆದರೆ ಡಾಕ್ಟರು ಹೇಳಿದ್ದಾರೆ ಎಂದಾದರೆ ಅಕ್ಟೋಬರಿಗೆ ಕಾಯಬೇಡಿ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಐದು ದಿನ, ಅರ್ಧ ಗಂಟೆ. ಅದನ್ನು ಹತ್ತು ಹತ್ತು ನಿಮಿಷವಾಗಿ ಮೂರು ಊಟದ ನಂತರ ಜಗಲಿಯಲ್ಲೇ ನಡೆದರೂ ಆಗುತ್ತದೆ. ಮಾತ್ರೆಯ ಪ್ರಮಾಣವನ್ನು ಮಾತ್ರ ಡಾಕ್ಟರನ್ನು ಕೇಳದೆ ಕಡಿಮೆ ಮಾಡಬೇಡಿ.

ದುಡ್ಡು ಕೂಡಿಡುವ ಗುರಿಗೆ ನಿಮ್ಮ ಕೈಗೆ ದುಡ್ಡು ಬರುವ ದಿನವೇ ಕಾಲ. ವರ್ಷಕ್ಕೆ 36,000 ರೂಪಾಯಿ ಎಂದರೆ "ತಿಂಗಳಿಗೆ 3,000" ಎಂದು ಎಲ್ಲರೂ ಭಾಗಿಸುತ್ತಾರೆ. ಸಂಬಳದವರಿಗೆ ಅದು ಸರಿ. ಅಡಿಕೆಯವರಿಗೆ ಸರಿಯಾಗುವುದಿಲ್ಲ. ವರ್ಷದಲ್ಲಿ ಮೂರು ಸಲ ಅಡಿಕೆ ಕೊಡುತ್ತೀರಾದರೆ ಕೊಟ್ಟ ದಿನವೇ, ಪೇಟೆಯಿಂದ ಮನೆಗೆ ಬರುವ ಮೊದಲೇ, 12,000 ಬೇರೆ ಖಾತೆಗೆ ಹಾಕಿ. ಬೀಡಿ ಕಟ್ಟುವವರಿಗೆ ಮಜೂರಿ ವಾರಕ್ಕೊಮ್ಮೆ ಬರುತ್ತದೆ. ವಾರಕ್ಕೆ 700 ಎಂದರೆ 52 ವಾರಕ್ಕೆ 36,400. ಕೂಲಿ ಕೆಲಸದವರಿಗೆ ಜೂನ್, ಜುಲೈಯಲ್ಲಿ ಕೆಲಸ ಕಡಿಮೆ. ಆ ಎರಡು ತಿಂಗಳು ಸೊನ್ನೆ ಎಂದೇ ಬರೆದು ಉಳಿದ ಹತ್ತಕ್ಕೆ 3,600ರಂತೆ ಹಂಚಿ. ಚಿಟ್ಟಿಗೆ (ಚಿಟ್ ಫಂಡಿಗೆ) ಹಾಕುವುದಾದರೆ ಅದಕ್ಕೆ ನೋಂದಣಿ ಇದೆಯೇ ಎಂದು ಕೇಳಿಯೇ ಹಾಕಿ. ಗುರುತಿನವರು ನಡೆಸುವುದು ಎಂಬ ಒಂದೇ ಧೈರ್ಯದಲ್ಲಿ ವರ್ಷದ ಉಳಿತಾಯವನ್ನು ಕೊಡಬೇಡಿ.

5. ಹೊತ್ತು ಮತ್ತು ಜಾಗ: ‘ಹೀಗಾದರೆ ಹೀಗೆ’

ಈಗ ಒಂದು ವಾಕ್ಯ ಬರೆಯಿರಿ. "ರಾತ್ರಿ ಊಟವಾಗಿ ತಟ್ಟೆ ತೊಳೆದಿಟ್ಟ ಕೂಡಲೇ, ಚಾವಡಿಯ ಮೇಜಿನ ಹತ್ತಿರ ಕೂತು 20 ನಿಮಿಷ ಮಲಯಾಳ ಬರೆಯುತ್ತೇನೆ."

ಜರ್ಮನಿಯ ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ವಾಕ್ಯಗಳ ಶಕ್ತಿಯನ್ನು ಪರೀಕ್ಷಿಸಿದವರು. ಇಂಥದ್ದು ಆದಾಗ ನಾನು ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಡುವುದು. 2006ರಲ್ಲಿ ಅವರು ಇನ್ನೊಬ್ಬರ ಜೊತೆ ಸೇರಿ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಗುರಿ ಇದ್ದವರಿಗಿಂತ ಇಂಥ ವಾಕ್ಯ ಇದ್ದವರು ಕೆಲಸ ಮುಗಿಸುವುದು ಸ್ಪಷ್ಟವಾಗಿ ಹೆಚ್ಚು ಎಂದು ಕಂಡಿತು.

ಗಂಟು ಹಾಕಲು ಯಾವ ಗೂಟ ಆರಿಸುತ್ತೀರಿ ಎಂಬುದು ಮುಖ್ಯ. "ಏಳು ಗಂಟೆಗೆ" ಎಂದರೆ ಅಷ್ಟು ಗಟ್ಟಿಯಲ್ಲ, ಏಳು ಗಂಟೆಗೆ ಬಸ್ಸು ತಡವಾಗಬಹುದು. "ಬಿಡುವಾದಾಗ" ಎಂಬುದು ಗೂಟವೇ ಅಲ್ಲ. ದಿನಾ ಹೇಗೂ ನಡೆಯುವ ಕೆಲಸಕ್ಕೆ ಕಟ್ಟಿ. ಸೊಸೈಟಿಗೆ ಹಾಲು ಕೊಟ್ಟು ಬಂದ ಕೂಡಲೇ, ದೀಪ ಹಚ್ಚಿದ ಕೂಡಲೇ, ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ. ಹಾಲಿನದ್ದು ಎಲ್ಲಕ್ಕಿಂತ ಗಟ್ಟಿ ಗೂಟ, ದನಕ್ಕೆ ಭಾನುವಾರ ಇಲ್ಲ.

ಅಡ್ಡಿಗಳಿಗೂ ಇದೇ ತರದ ವಾಕ್ಯ ಬರೆಯಿರಿ. ಗುರಿ ಮುಟ್ಟಿದ ಹಾಗೆ ಕನಸು ಕಾಣುವುದಕ್ಕಿಂತ, ಅಡ್ಡ ಬರುವುದೇನು ಎಂದು ಜೊತೆಗೇ ಯೋಚಿಸುವುದು ಒಳ್ಳೆಯದು. "ಕರೆಂಟು ಹೋದರೆ, ಚಾರ್ಜ್ ಲೈಟಿನಲ್ಲಿ ಹತ್ತು ನಿಮಿಷ ಹಳೆಯ ಪುಟ ಓದುತ್ತೇನೆ." "ನೆಂಟರು ಬಂದರೆ, ಮಲಗುವ ಮೊದಲು ಒಂದೇ ಅಕ್ಷರ ಹತ್ತು ಸಲ ಬರೆಯುತ್ತೇನೆ." ಮೂರ‍್ನಾಲ್ಕು ಸಾಕು. ಮಳೆಗಾಲದಲ್ಲಿ ಕರೆಂಟಿನ ವಾಕ್ಯ ಇಲ್ಲದೆ ಶುರು ಮಾಡಲೇಬೇಡಿ. ವಿಡಿಯೋ ನೋಡಿ ಕಲಿಯುವವರು ರೇಂಜ್ ಇರುವಾಗಲೇ ಇಳಿಸಿಟ್ಟುಕೊಳ್ಳಿ.

6. ಗುರುತು ಹಾಕಿ, ಒಬ್ಬರಿಗೆ ಹೇಳಿ

ಮಾಡಿದ ದಿನ ಕ್ಯಾಲೆಂಡರಿನ ಚೌಕದಲ್ಲಿ ಗೆರೆ ಎಳೆಯಿರಿ. ವಾರಕ್ಕೊಮ್ಮೆ ಒಬ್ಬರ ಹತ್ತಿರ ಕೂತು ಎಷ್ಟು ಗೆರೆ ಆಯಿತು ಎಂದು ಹೇಳಿ. ಅವರು ಬೈಯುವವರಾಗಬಾರದು, "ಪರವಾಗಿಲ್ಲ ಬಿಡು" ಎಂದು ಎಲ್ಲಕ್ಕೂ ಹೇಳುವವರೂ ಆಗಬಾರದು. ಕುಟುಂಬಶ್ರೀಯಲ್ಲಿರುವ ಅಕ್ಕಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. 1998ರಲ್ಲಿ ಶುರುವಾದ ಆ ಯೋಜನೆಯ ಬೇರು ಇರುವುದೇ ನೆರೆಹೊರೆಯ ಹತ್ತು ಇಪ್ಪತ್ತು ಹೆಂಗಸರು ವಾರ ವಾರ ಸೇರಿ ಸಣ್ಣ ಮೊತ್ತ ಕೂಡಿಡುವುದರಲ್ಲಿ. ನಾಳೆ ಎಲ್ಲರ ಎದುರು ಕೂರಬೇಕು ಎಂಬುದೇ ಇವತ್ತು ದುಡ್ಡು ತೆಗೆದಿಡಿಸುತ್ತದೆ. ನಿಮ್ಮ ಗುಂಪಿನಲ್ಲೇ ಇನ್ನೊಬ್ಬರು ಮಲಯಾಳ ಕಲಿಯುವವರು ಸಿಕ್ಕಿದರೆ ಬಹಳ ಒಳ್ಳೆಯದು.

ಪಿಎಸ್‌ಸಿಗೆ ಓದುವವರು ಇನ್ನೊಂದು ಗುರುತು ಹಾಕಬೇಕು. ಕೇರಳ ಪಿಎಸ್‌ಸಿಯಲ್ಲಿ ಅರ್ಜಿ ಹಾಕಿದ ಮೇಲೆ, ಪರೀಕ್ಷೆ ಬರೆಯುತ್ತೇನೆ ಎಂದು ನಿಮ್ಮ ಪ್ರೊಫೈಲಿನ ಮೂಲಕ ಮತ್ತೊಮ್ಮೆ ದೃಢಪಡಿಸಬೇಕು. ಇದಕ್ಕೆ ಕನ್ಫರ್ಮೇಷನ್ ಎನ್ನುತ್ತಾರೆ. ಗಡುವಿನೊಳಗೆ ಅದನ್ನು ಕೊಡದವರಿಗೆ ಹಾಲ್ ಟಿಕೆಟ್ ಸಿಗುವುದಿಲ್ಲ. ವರ್ಷವಿಡೀ ಓದಿ ಇಲ್ಲಿ ತಪ್ಪಿದರೆ ಆಗುವ ಸಂಕಟ ದೊಡ್ಡದು. ಪ್ರತಿ ಸೋಮವಾರ ಪ್ರೊಫೈಲ್ ತೆರೆದು ನೋಡುವುದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊಬೈಲಿನಲ್ಲಿ ಬಾರದಿದ್ದರೆ ಅಕ್ಷಯ ಕೇಂದ್ರಕ್ಕೆ ಹೋಗಿ. ಕಾಸರಗೋಡಿನಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಕರೆಯುವ ಕ್ಲರ್ಕ್ ಹುದ್ದೆಗಳಿವೆ. ಮಲಯಾಳ ಕಲಿಯುವ ಗುರಿಗೆ ಇದೂ ಒಂದು ಕಾರಣವಾಗಬಹುದು.

7. ತಪ್ಪಿದ ದಿನ ಏನು ಮಾಡಬೇಕು

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ಮರೆತುಬಿಡಿ. 22ನೇ ದಿನವೂ ಕಷ್ಟವಾದಾಗ "ನನ್ನಲ್ಲೇ ದೋಷ" ಎಂದು ಜನ ಬಿಡುವುದಕ್ಕೆ ಅದೂ ಒಂದು ಕಾರಣ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಮಂದಿಯ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಂದು ಕೆಲಸ ಯೋಚನೆಯಿಲ್ಲದೆ ತಾನಾಗಿ ಆಗುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಕೆಲವರ ಲೆಕ್ಕ 254 ದಿನಕ್ಕೆ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ನಷ್ಟ ಆಗಲಿಲ್ಲ. ಈ ಕೊನೆಯ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಮಾಡಲು ಹೋಗಬೇಡಿ. ಮಾಮೂಲಿಯಷ್ಟೇ ಮಾಡಿ. ಎರಡು ದಿನ ತಪ್ಪಿದರೆ ಮೂರನೇ ದಿನ ಐದೇ ನಿಮಿಷವಾದರೂ ಕೂರಿ. ಒಂದು ವಾರ ಪೂರ್ತಿ ತಪ್ಪಿದರೆ ನಿಮ್ಮನ್ನು ಬೈದುಕೊಳ್ಳಬೇಡಿ, ವಾಕ್ಯವನ್ನು ಬದಲಿಸಿ. ಗೂಟ ಸರಿ ಇಲ್ಲ, ಇಲ್ಲವೇ ತುಂಡು ದೊಡ್ಡದಾಗಿದೆ. 20 ನಿಮಿಷವನ್ನು 10 ಮಾಡಿ, ರಾತ್ರಿಯಿಂದ ಬೆಳಗ್ಗೆಗೆ ತನ್ನಿ, ಎರಡು ವಾರ ನೋಡಿ.

ಗುರಿಯನ್ನೇ ಬಿಡಬೇಕಾದ ಸಂದರ್ಭವೂ ಇದೆ. ಮನೆಯಲ್ಲಿ ಯಾರಿಗೋ ಕಾಯಿಲೆ, ಕೈಯಲ್ಲಿ ದುಡ್ಡಿಲ್ಲ, ಕೆಲಸ ಹೋಯಿತು. ಆಗ ಇವತ್ತಿನ ತಾರೀಕು ಹಾಕಿ "ಇಲ್ಲಿಗೆ ನಿಲ್ಲಿಸಿದ್ದೇನೆ, ಮತ್ತೆ ನೋಡುವುದು ಓಣಂ ಕಳೆದು" ಎಂದು ಬರೆದು ನೋಟ್‌ಬುಕ್ ಮುಚ್ಚಿಡಿ. ತಾರೀಕು ಹಾಕಿ ನಿಲ್ಲಿಸಿದ ಗುರಿಯನ್ನು ಮತ್ತೆ ಎತ್ತಿಕೊಳ್ಳುವುದು ಸುಲಭ. ಸುಮ್ನೆ ಬಿಟ್ಟುಹೋದದ್ದನ್ನು ಎತ್ತಿಕೊಳ್ಳಲು ನಾಚಿಕೆ ಅಡ್ಡ ಬರುತ್ತದೆ.

8. ಮುಗಿದ ಮೇಲೆ

ಬಿಸುವಿನ ಹೊತ್ತಿಗೆ ಪಂಚಾಯತಿನ ಪತ್ರ ಓದಿದಿರಿ, ಅರ್ಜಿಯೂ ಬರೆದಿರಿ ಎಂದುಕೊಳ್ಳಿ. ಆ ಅರ್ಜಿಯ ಒಂದು ಪ್ರತಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ. ಆದರೆ ಊಟದ ನಂತರದ ಆ 20 ನಿಮಿಷವನ್ನು ಒಮ್ಮೆಲೇ ಖಾಲಿ ಬಿಡಬೇಡಿ, ಬಿಟ್ಟರೆ ಅದನ್ನು ಟೀವಿ ತೆಗೆದುಕೊಳ್ಳುತ್ತದೆ. ವಾರಕ್ಕೆ ಎರಡು ದಿನ ಮಲಯಾಳ ಪತ್ರಿಕೆಯ ಒಂದು ಸುದ್ದಿ ಓದಿ, ಇಲ್ಲದಿದ್ದರೆ ಮೊದಲು ಮರೆತುಹೋಗುವುದು ಒತ್ತಕ್ಷರಗಳೇ. ಉಳಿದ ಐದು ದಿನಕ್ಕೆ ಮೊದಲ ಪುಟದ ಪಟ್ಟಿಯಿಂದ ಇನ್ನೊಂದನ್ನು ಆರಿಸಿ. ಪತ್ತನಾಜೆಗೆ ಇನ್ನೂ ಐದಾರು ವಾರ ಇರುತ್ತದೆ, ಗೂಟ ಹುಡುಕಲು ಅಷ್ಟು ಸಮಯ ಸಾಕಾಗುತ್ತದೆ.